ಹಸುಗೂಸಿನ ಭೇದಿ: ಹದಿನಾಲ್ಕು ದಿನಗಳ ಗಡಿ

ಹಸುಗೂಸುಗಳ ಭೇದಿ ಸಾಮಾನ್ಯವಾಗಿ ಒಂದು ವಾರದೊಳಗೆ ಹತೋಟಿಗೆ ಬರುತ್ತದೆ. 14 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿದರೆ ಅದನ್ನು ‘ದೀರ್ಘಾವಧಿ ಭೇದಿ’ ಎಂದು ವಿಶ್ವ ಆರೋಗ್ಯ ಸಂಸ್ಥೆ ಬೇರೆಯಾಗಿ ಗುರುತಿಸುತ್ತದೆ, ಏಕೆಂದರೆ ಆ ಹೊತ್ತಿಗೆ ನೀರಿನ ನಷ್ಟದ ಜೊತೆಗೆ ಕರುಳಿನ ಒಳಪದರವೂ ಸವೆದು, ಉಂಡದ್ದು ಮೈಗೆ ಹತ್ತದೆ ಮಗು ಸೊರಗತೊಡಗುತ್ತದೆ. ತಾಯಿಹಾಲನ್ನಷ್ಟೇ ಕುಡಿಯುವ ಕೂಸು ದಿನಕ್ಕೆ ಹಲವು ಸಲ ಮೆತ್ತಗೆ, ಹಳದಿಯಾಗಿ ಹೊರಗೆ ಹೋಗುವುದು ರೋಗವಲ್ಲ. ಎಂದಿಗಿಂತ ನೀರಾಗಿ, ಹೆಚ್ಚು ಬಾರಿ ಆದರೆ ಮಾತ್ರ ಅದು ಭೇದಿ.

ಕರುಳಿಗೆ ವಿಶ್ರಾಂತಿ ಬೇಕೆಂದು ಹಾಲು, ಆಹಾರಗಳನ್ನು ನಿಲ್ಲಿಸುವುದು ಒಂದು ಕಾಲದ ವೈದ್ಯ ಪದ್ಧತಿಯಾಗಿತ್ತು. ಆದರೆ ಗ್ಲೂಕೋಸ್ ಜೊತೆಗಿದ್ದರೆ ರೋಗಗ್ರಸ್ತ ಕರುಳೂ ಉಪ್ಪು, ನೀರುಗಳನ್ನು ಹೀರಿಕೊಳ್ಳುತ್ತದೆ ಎಂಬ ತಿಳಿವಳಿಕೆಯ ಬಲದಿಂದ 1968ರಲ್ಲಿ ಢಾಕಾದ ವೈದ್ಯರು ಕಾಲರಾ ರೋಗಿಗಳಿಗೆ ಬಾಯಿಯ ಮೂಲಕವೇ ದ್ರಾವಣ ಕೊಟ್ಟು ಯಶಸ್ವಿಯಾದರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ ಸಾವನ್ನು ತೀವ್ರವಾಗಿ ತಗ್ಗಿಸಿದರು. ಇದೇ ಇಂದಿನ ಓಆರ್‌ಎಸ್. ದ್ರಾವಣದ ಸಾಂದ್ರತೆಯನ್ನು ಬಳಿಕ ಲೀಟರಿಗೆ 311ರಿಂದ 245 ಮಿಲಿಆಸ್ಮೋಲ್‌ಗೆ ಇಳಿಸಲಾಯಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಇದರೊಂದಿಗೆ ಸತುವನ್ನೂ ಕೊಡಬೇಕೆಂದು ಶಿಫಾರಸು ಮಾಡಿದವು.

ತೆರೆದ ಬಾವಿಯ ನೀರನ್ನು ನೆಚ್ಚಿಕೊಂಡ ಮನೆಗಳು ಹೆಚ್ಚಿರುವ, ಧಾರಾಕಾರ ಮಳೆಯ, ಕರಾವಳಿಯ ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಈ ಕ್ರಮಕ್ಕೆ ವಿಶೇಷ ಬೆಲೆಯಿದೆ. ಆರು ತಿಂಗಳವರೆಗೆ ತಾಯಿಹಾಲೇ ಆಹಾರವಾಗಿರಬೇಕು, ಭೇದಿಯಾದಾಗ ಅದನ್ನು ಇನ್ನಷ್ಟು ಬಾರಿ ಕೊಡಬೇಕು. ಗಂಜಿ ತಿಳಿ, ಬೆಲ್ಲದ ನೀರು ಸಲ್ಲವು. ಎರಡರಿಂದ ಆರು ತಿಂಗಳ ಮಗುವಿಗೆ 20 ಮಿಲಿಗ್ರಾಂ ಸತುವಿನ ಮಾತ್ರೆಯ ಅರ್ಧವನ್ನು, ಅಂದರೆ 10 ಮಿಲಿಗ್ರಾಂ ಅನ್ನು, ಹಿಂಡಿದ ಎದೆಹಾಲಿನಲ್ಲಿ ಚಮಚದಲ್ಲೇ ಕರಗಿಸಿ 14 ದಿನ ಕೊಡುತ್ತಾರೆ. ಆರು ತಿಂಗಳು ತುಂಬಿದ ಮೇಲೆ ಕುಚ್ಚಲಕ್ಕಿ ಗಂಜಿಯನ್ನು ಹೆಸರುಬೇಳೆಯೊಂದಿಗೆ ನುಣ್ಣಗೆ ಕಿವುಚಿ, ಒಂದಿಷ್ಟು ತೆಂಗಿನೆಣ್ಣೆ ಬೆರೆಸಿ ಉಣಿಸಬಹುದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿದ್ದಾಗ ದನದ ಹಾಲಿಗಿಂತ ಮೊಸರು ಒಗ್ಗುತ್ತದೆ.

ಭೇದಿ ಎರಡು ವಾರ ದಾಟಿದರೆ ವೈದ್ಯರು ಮೂತ್ರ, ಕಿವಿ, ಶ್ವಾಸಕೋಶಗಳ ಸೋಂಕನ್ನೂ ಹುಡುಕುತ್ತಾರೆ, ಏಕೆಂದರೆ ಮೂಲ ಕಾರಣ ಕರುಳಿನಾಚೆಗೂ ಇರಬಹುದು. ಭೇದಿ ಕಟ್ಟುವ ಮಾತ್ರೆ ಶಿಶುಗಳಿಗೆ ಅಪಾಯಕಾರಿ, ಆ್ಯಂಟಿಬಯಾಟಿಕ್ ನಿರ್ದಿಷ್ಟ ಕಾರಣವಿದ್ದರೆ ಮಾತ್ರ. ಎರಡು ತಿಂಗಳೊಳಗಿನ ಕೂಸಿನಲ್ಲಿ ಹದಿನಾಲ್ಕು ದಿನಗಳ ಗಡಿ ದಾಟಿದ ಭೇದಿಯನ್ನು ತೀವ್ರವೆಂದೇ ಪರಿಗಣಿಸಿ ಆಸ್ಪತ್ರೆಗೆ ಸೇರಿಸಬೇಕು. ಹಾಲು ಕುಡಿಯದಿರುವುದು, ಮಂಕು, ಗುಳಿಬಿದ್ದ ಕಣ್ಣು, ಮಲದಲ್ಲಿ ರಕ್ತ, ಚಿವುಟಿದ ಹೊಟ್ಟೆಯ ಚರ್ಮ ನಿಧಾನವಾಗಿ ಇಳಿಯುವುದು ಇವುಗಳಲ್ಲಿ ಒಂದು ಕಂಡರೂ ಹದಿನಾಲ್ಕನೆಯ ದಿನಕ್ಕೆ ಕಾಯದೆ ಕೂಡಲೇ ಹೊರಡಬೇಕು, ದಾರಿಯುದ್ದಕ್ಕೂ ಎದೆಹಾಲು ಮತ್ತು ಓಆರ್‌ಎಸ್ ಕೊಡುತ್ತಿರಬೇಕು.