ತಟ್ಟೆ ತಿರುಗುತ್ತೆ, ಸಾರು ಬಿಸಿಯಾಗಲ್ಲ!



ಹಾಡು ಕೇಳೋಕೆ ಫೋನ್ ಮಾಡೋ ನೀವು ಈ ಸಲ ಕೇಳಿದ್ದು ಮೈಕ್ರೋವೇವ್ ಓವನ್ ಬಗ್ಗೆ. "ದೀಪ ಉರಿಯುತ್ತೆ, ತಟ್ಟೆ ತಿರುಗುತ್ತೆ, ಸಾರು ಮಾತ್ರ ತಣ್ಣಗೇ ಇರುತ್ತೆ, ಏನ್ಮಾಡ್ಲಿ?" ಅಂದರು ಅಡಾಜಣ್‌ನ ಗೃಹಿಣಿಯೊಬ್ಬರು. ನಾನು ಓದಿದ್ದು ಕನ್ನಡ ಬಿಎ, ಓವನ್ ರಿಪೇರಿ ಅಲ್ಲ. ಆದರೆ ನಮ್ಮ ಮನೆಯ ಓವನ್ ಕೂಡ ಒಮ್ಮೆ ಹೀಗೇ ಕೈಕೊಟ್ಟಿತ್ತು. ಸ್ಕ್ರೂಡ್ರೈವರ್ ಹಿಡಿದು ಮುಚ್ಚಳ ಬಿಚ್ಚೋಕೆ ಕೂತಿದ್ದೆ. ಅಷ್ಟರಲ್ಲಿ ಬಂದ ಪಕ್ಕದ ಮನೆಯ ಕಾಕಾ, ವೈರಿಂಗ್ ಕೆಲಸದಲ್ಲೇ ತಲೆ ನರೆತವರು, ನನ್ನ ಕೈ ಹಿಡಿದು ನಿಲ್ಲಿಸಿದರು. ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ಒಂದು ಗುಟ್ಟು. ಈ ಓವನ್ ನಮ್ಮ ರೇಡಿಯೋದ ನೆಂಟ! ಎಫ್ಎಂ ಹಾಡು ನಿಮ್ಮ ಮನೆಗೆ ಬರೋದು 88ರಿಂದ 108 ಮೆಗಾಹರ್ಟ್ಸ್ ನಡುವಿನ ಅಲೆಗಳಲ್ಲಿ. ಓವನ್ ಒಳಗೆ ಓಡಾಡೋದು ಸುಮಾರು 2450 ಮೆಗಾಹರ್ಟ್ಸ್ ಅಲೆ. ನಮ್ಮ ಅಲೆಯ ಉದ್ದ ಸುಮಾರು 3 ಮೀಟರ್, ಅದರದ್ದು ಸುಮಾರು 12 ಸೆಂಟಿಮೀಟರ್. ಆ ಅಲೆಯನ್ನು ಹುಟ್ಟಿಸೋ ಭಾಗದ ಹೆಸರು ಮ್ಯಾಗ್ನೆಟ್ರಾನ್. ಎರಡನೇ ಮಹಾಯುದ್ಧದ ರಾಡಾರ್‌ಗಳಲ್ಲಿ ಇದ್ದದ್ದು ಇದೇ. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಇಂಜಿನಿಯರ್ ಪರ್ಸಿ ಸ್ಪೆನ್ಸರ್ ಮ್ಯಾಗ್ನೆಟ್ರಾನ್ ಹತ್ತಿರ ಕೆಲಸ ಮಾಡ್ತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತಂತೆ. ಅಡುಗೆಗೆ ಈ ಅಲೆ ಬಂದ ಕಥೆ ಅಲ್ಲಿಂದ ಶುರು.

ಈ ಅಲೆ ಮುಖ್ಯವಾಗಿ ಹಿಡಿಯೋದು ಆಹಾರದಲ್ಲಿರೋ ನೀರನ್ನು. ನೀರಿನ ಕಣಗಳು ಅಲೆಯ ಜೊತೆ ಅತ್ತಿತ್ತ ಹೊರಳಾಡಿ ಬಿಸಿಯಾಗುತ್ತವೆ. ಅದಕ್ಕೇ ಒಣಗಿದ ಅನ್ನಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ ಇಟ್ಟರೆ ಮೆತ್ತಗಾಗುತ್ತೆ. ಅಲೆ ಒಳಗೆ ಎಲ್ಲ ಕಡೆ ಒಂದೇ ಸಮ ಇರೋದಿಲ್ಲ, ಅದಕ್ಕೇ ತಟ್ಟೆ ತಿರುಗಬೇಕು. ನಂಬಿಕೆ ಬರದಿದ್ದರೆ ಒಂದು ಹಪ್ಪಳ ಸುಟ್ಟು ನೋಡಿ. ಒಂದು ಕಡೆ ಅರಳಿ, ಇನ್ನೊಂದು ಕಡೆ ಹಸಿಯಾಗೇ ಇರುತ್ತೆ. ಸಾರು, ಪಲ್ಯ ಇಟ್ಟಾಗ ನಡುವೆ ಒಮ್ಮೆ ನಿಲ್ಲಿಸಿ ಕಲಕಬೇಕು ಅನ್ನೋದೂ ಇದಕ್ಕೇ. ಬಾಗಿಲಿನ ಗಾಜಿನ ಹಿಂದಿರೋ ಜಾಲರಿಯ ತೂತು 12 ಸೆಂಟಿಮೀಟರ್ ಅಲೆಗೆ ತೀರಾ ಕಿರಿದು. ಬೆಳಕು ಹೊರಗೆ ಬರುತ್ತೆ, ಅಲೆ ಬರೋದಿಲ್ಲ. ಆದರೆ ಬಾಗಿಲು ಸೊಟ್ಟಗಾಗಿದ್ದರೆ, ಜಾಲರಿ ಹರಿದಿದ್ದರೆ ಆ ಓವನ್ ಬಳಸಲೇಬೇಡಿ.

ನಮ್ಮ ಕನ್ನಡದವರ ಮನೆಯಲ್ಲಿ ಕೈ ಮೊದಲು ಹೋಗೋದು ಸ್ಟೀಲ್ ಡಬ್ಬಿಗೆ. ಲೋಹ ಅಲೆಯನ್ನು ಒಳಗೆ ಬಿಡೋದಿಲ್ಲ, ಅಂಚಿನಲ್ಲಿ ಕಿಡಿ ಹಾರಬಹುದು. ಜರಿಗೆ ಹೆಸರಾದ ಸೂರತ್‌ನಲ್ಲಿದ್ದೂ ನಾನು ಒಮ್ಮೆ ಚಿನ್ನದ ಗೆರೆಯ ಪಿಂಗಾಣಿ ಕಪ್ಪಿನಲ್ಲಿ ಹಾಲಿಟ್ಟು ದೀಪಾವಳಿ ನೋಡಿದ್ದೇನೆ. ಆ ಗೆರೆಯೂ ಲೋಹವೇ! ಗಾಜು, ಗೆರೆಯಿಲ್ಲದ ಪಿಂಗಾಣಿ, ಮೈಕ್ರೋವೇವ್‌ಗೆ ಆಗುತ್ತೆ ಅಂತ ಗುರುತಿರೋ ಪ್ಲಾಸ್ಟಿಕ್ ಸಾಕು. ಮೆಲಮೈನ್ ತಟ್ಟೆ ಬೇಡ. ಸಿಪ್ಪೆಯಿರೋ ಮೊಟ್ಟೆ ಬೇಡ, ಸಿಡಿಯುತ್ತೆ. ಬರೀ ನೀರನ್ನು ಜಾಸ್ತಿ ಹೊತ್ತು ಕಾಯಿಸಿದರೆ ಕುದಿ ಕಾಣದೆಯೇ ಮಿತಿಮೀರಿ ಕಾದು, ಚಮಚ ಹಾಕಿದ ತಕ್ಷಣ ಮುಖಕ್ಕೆ ಚಿಮ್ಮಬಹುದು. ಮೊದಲೇ ಒಂದು ಮರದ ಚಮಚ ಇಟ್ಟಿರಿ. ಖಾಲಿ ಓವನ್ ಓಡಿಸಬೇಡಿ.

ಈಗ ಕಾಯಿಲೆಗಳ ಪಟ್ಟಿಗೆ ಬರೋಣ.

ಏನೂ ಆನ್ ಆಗ್ತಿಲ್ಲವೇ? ಬಾಗಿಲು 'ಟಕ್' ಅಂತ ಮುಚ್ಚಿದೆಯೇ, ಚೈಲ್ಡ್ ಲಾಕ್ ಬಿದ್ದಿದೆಯೇ, ಎಂಸಿಬಿ ಇಳಿದಿದೆಯೇ ನೋಡಿ. ಡಬ್ಬದ ಮೇಲೆ 800 ವ್ಯಾಟ್ ಅಂತಿದ್ದರೂ ಅದು ಎಳೆಯೋ ಕರೆಂಟು ಅದಕ್ಕಿಂತ ಹೆಚ್ಚು. 16 ಆಂಪಿಯರ್‌ನ ದೊಡ್ಡ ಪ್ಲಗ್ಗೇ ಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ.

ತಟ್ಟೆ ತಿರುಗ್ತಿಲ್ಲವೇ? ತಟ್ಟೆ, ಕೆಳಗಿನ ಚಕ್ರದ ಬಳೆ ಎರಡನ್ನೂ ತೊಳೆದು ಸರಿಯಾಗಿ ಕೂರಿಸಿ. ಎಷ್ಟೋ ಸಲ ಅಲ್ಲಿ ಸಿಕ್ಕೋದು ಒಂದು ಅನ್ನದ ಅಗುಳು.

ಖಾಲಿ ಜಾಗದಲ್ಲಿ ಕಿಡಿಯೇ? ಒಳಗಿನ ಗೋಡೆಯಲ್ಲಿರೋ ಅಭ್ರಕದ ಹಾಳೆಗೆ ಎಣ್ಣೆ ಜಿಡ್ಡು ಹತ್ತಿ ಸುಟ್ಟಿರುತ್ತೆ. ಪ್ಲಗ್ ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ. ತೂತು ಬಿದ್ದಿದ್ದರೆ ಹೊಸ ಹಾಳೆ ಹಾಕಿಸಿ, ದುಬಾರಿಯಲ್ಲ.

ಒಳಗೇ ಬೆಂಕಿ ಹತ್ತಿತೇ? ಬಾಗಿಲು ತೆಗೆಯಬೇಡಿ. ಗೋಡೆಯ ಸ್ವಿಚ್ ಆರಿಸಿ, ಗಾಳಿಯಿಲ್ಲದೆ ಬೆಂಕಿ ತಾನೇ ಆರಲಿ.

ಇನ್ನು ಆ ಗೃಹಿಣಿಯ ತಣ್ಣನೆ ಸಾರು. ಗಾಜಿನ ಲೋಟದಲ್ಲಿ ಅರ್ಧ ನೀರು ಹಾಕಿ ಪೂರ್ತಿ ಪವರ್‌ನಲ್ಲಿ ಒಂದು ನಿಮಿಷ ಇಡಿ. ಬಿಸಿಯಾದರೆ ಓವನ್ ಚೆನ್ನಾಗೇ ಇದೆ. ಬಹುಶಃ ಡಿಫ್ರಾಸ್ಟ್ ಅಥವಾ ಕಡಿಮೆ ಪವರ್‌ನಲ್ಲಿ ಇಟ್ಟಿರ್ತೀರಿ. ಕಡಿಮೆ ಪವರ್‌ನಲ್ಲಿ ಬಹಳಷ್ಟು ಓವನ್‌ಗಳ ಗುಂಯ್ ಸದ್ದು ನಿಂತು ನಿಂತು ಬರುತ್ತೆ, ಅದು ಕೆಟ್ಟದ್ದಲ್ಲ. ನೀರು ತಣ್ಣಗೇ ಇದ್ದರೆ ಮ್ಯಾಗ್ನೆಟ್ರಾನ್, ಡಯೋಡ್, ಕೆಪಾಸಿಟರ್ ಅಥವಾ ಬಾಗಿಲಿನ ಸ್ವಿಚ್, ಯಾವುದೋ ಒಂದು ಹೋಗಿದೆ. ಇಲ್ಲಿಗೆ ನಮ್ಮ ಕೆಲಸ ಮುಗಿಯಿತು. ಮೆಕ್ಯಾನಿಕ್‌ನನ್ನೇ ಕರೆಯಬೇಕು.

ಯಾಕೆ ಅಂದರೆ, ಕಾಕಾ ಅಂದು ನನಗೆ ಹೇಳಿದ್ದು ಇದನ್ನೇ. ಒಳಗಿನ ಕೆಪಾಸಿಟರ್ ಸಾವಿರಾರು ವೋಲ್ಟ್ ಹಿಡಿದಿಟ್ಟಿರುತ್ತೆ. ಪ್ಲಗ್ ಕಿತ್ತ ಮೇಲೂ ಅದು ಖಾಲಿಯಾಗಿರುತ್ತೆ ಅಂತ ನಂಬೋ ಹಾಗಿಲ್ಲ. ಮುಟ್ಟಿದವರ ಜೀವ ಹೋಗಬಹುದು. "ಬೇಟಾ, ಟಿವಿ ಕೆಟ್ಟರೆ ಟಿವಿ ಹೋಗುತ್ತೆ. ಇದರಲ್ಲಿ ಕೈ ಇಟ್ಟರೆ ನೀನು ಹೋಗ್ತೀಯ" ಅಂದರು. ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಅವರು ಹೇಳಿದ ಇನ್ನೊಂದು ಮಾತು ನಮ್ಮ ಊರಿನವರಿಗೇ ಮೀಸಲು. 2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ತಾಪಿ ಉಕ್ಕಿ ಅಡಾಜಣ್, ರಾಂದೇರ್ ಮುಳುಗಿದವಲ್ಲ, ನೀರಿಳಿದ ಮೇಲೆ ಮನೆ ಮನೆಯಲ್ಲೂ ಕೆಸರು ಮೆತ್ತಿದ ಸಾಮಾನು. ಹೊರಗೆ ಒರೆಸಿ ಒಣಗಿಸಿದ ಓವನ್ ಒಳಗೆ ಒಣಗಿರೋದಿಲ್ಲ. ನೆರೆ ನೀರು ಹೊಕ್ಕ ಓವನ್‌ಗೆ 'ಒಮ್ಮೆ ಹಾಕಿ ನೋಡೋಣ' ಅಂತ ಪ್ಲಗ್ ಹಾಕಬಾರದು. ಮಳೆಗಾಲ ಬಂತು ಅಂದರೆ ಅದನ್ನು ನೆಲದಿಂದ ಎತ್ತರದಲ್ಲಿಡಿ, ಹಿಂದೆ ಗಾಳಿಯಾಡಲು ಜಾಗ ಬಿಡಿ.

ಕೊನೆಗೊಂದು ಸುಲಭದ ಉಪಾಯ. ಒಂದು ಬಟ್ಟಲು ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಮರದ ಚಮಚ ಹಾಕಿ ಮೂರು ನಿಮಿಷ ಇಡಿ. ಹಬೆಗೆ ಜಿಡ್ಡು ಸಡಿಲವಾಗುತ್ತೆ, ನಿನ್ನೆಯ ಒಗ್ಗರಣೆ ವಾಸನೆಯೂ ಹೋಗುತ್ತೆ. ಒರೆಸಿ, ಬಾಗಿಲು ಸ್ವಲ್ಪ ಹೊತ್ತು ತೆರೆದಿಡಿ. ಅಷ್ಟರಲ್ಲಿ ನಮ್ಮ ಕಾರ್ಯಕ್ರಮ ಶುರುವಾಗಿರುತ್ತೆ. ರೇಡಿಯೋ ಹಾಕಿ, ಕೇಳ್ತಾ ಇರಿ. ಸ್ಕ್ರೂಡ್ರೈವರ್ ಮಾತ್ರ ಡಬ್ಬಿಯಲ್ಲೇ ಇರಲಿ!