ಆಟಕ್ಕೆ ಬಿದ್ದ ಬೀಗ

1982ರ ಡಿಸೆಂಬರ್ 7ರಂದು ಅಮೆರಿಕದ ವಾರ್ನರ್ ಕಮ್ಯುನಿಕೇಷನ್ಸ್ ಕಂಪೆನಿ ಒಂದು ಪ್ರಕಟಣೆ ಹೊರಡಿಸಿತು. ವಿಡಿಯೋ ಗೇಮ್ ತಯಾರಿಸುವ ತನ್ನ ಅಂಗಸಂಸ್ಥೆ ಅಟಾರಿಯ ಮಾರಾಟ ಅಂದುಕೊಂಡಷ್ಟು ಆಗಿಲ್ಲ, ಹಾಗಾಗಿ ಈ ವರ್ಷ ಲಾಭ ಶೇ. 50ರಷ್ಟು ಏರುವುದಿಲ್ಲ, ಶೇ. 10ರಿಂದ 15ರಷ್ಟು ಮಾತ್ರ ಏರಬಹುದು ಎಂಬುದು ಅದರ ಸಾರಾಂಶ. ನಷ್ಟದ ಮಾತು ಅದರಲ್ಲಿ ಇರಲೇ ಇಲ್ಲ. ಆದರೂ ಮರುದಿನ ವಾರ್ನರ್ ಷೇರಿನ ಬೆಲೆ ಹತ್ತಿರಹತ್ತಿರ ಮೂರನೇ ಒಂದು ಭಾಗದಷ್ಟು ಕುಸಿಯಿತು. ಆಟಿಕೆ ತಯಾರಿಸುವ ಇತರ ಕಂಪೆನಿಗಳ ಷೇರುಗಳೂ ಜೊತೆಯಲ್ಲೇ ಉರುಳಿದವು. ಮೂರು ವರ್ಷಗಳೊಳಗೆ ಅಮೆರಿಕದಲ್ಲಿ ಮನೆಯ ಟಿ.ವಿ.ಗೆ ಜೋಡಿಸಿ ಆಡುವ ಆಟಗಳ ವ್ಯಾಪಾರ ಇತ್ತೆಂಬ ಗುರುತೇ ಉಳಿಯದಂತಾಯಿತು.

ಮಕ್ಕಳಿಗೆ ಆಟ ಬೇಸರವಾಯಿತು ಎಂದು ಅಂದು ಹಲವರು ಷರಾ ಬರೆದರು. ಗೃಹಬಳಕೆಯ ಕಂಪ್ಯೂಟರ್‌ಗಳು ಅಗ್ಗವಾದದ್ದೂ ಕಾರಣವೆಂದರು. ಎರಡನೆಯದರಲ್ಲಿ ಹುರುಳಿದೆ. ಮೊದಲನೆಯದು ಮಾತ್ರ ಸುಳ್ಳು. ಅದೇ ಮಕ್ಕಳು ಕೆಲವೇ ವರ್ಷಗಳಲ್ಲಿ ಮತ್ತೊಂದು ಕಂಪೆನಿಯ ಯಂತ್ರದ ಮುಂದೆ ಊಟ ನಿದ್ದೆ ಬಿಟ್ಟು ಕುಳಿತರು. ಈ ಎರಡು ಯಂತ್ರಗಳ ನಡುವಿನ ಮುಖ್ಯ ವ್ಯತ್ಯಾಸ ಚಿತ್ರದ ಅಂದದಲ್ಲಿಯೂ ಇರಲಿಲ್ಲ, ಆಟದ ರಂಜನೆಯಲ್ಲಿಯೂ ಇರಲಿಲ್ಲ. ಒಂದಕ್ಕೆ ಬೀಗ ಇರಲಿಲ್ಲ, ಇನ್ನೊಂದಕ್ಕೆ ಇತ್ತು.

ಅಟಾರಿಯನ್ನು ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ 1972ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದರು. ಅವರ 'ಪಾಂಗ್' ಆಟದ ಮೊದಲ ಯಂತ್ರವನ್ನು ಸನ್ನಿವೇಲ್ ಪಟ್ಟಣದ ಒಂದು ಬಾರಿನಲ್ಲಿ ಇಡಲಾಗಿತ್ತು. ಕೆಲ ದಿನಗಳಲ್ಲೇ ಯಂತ್ರ ಕೆಟ್ಟಿದೆ ಎಂದು ದೂರು ಬಂತು. ಹೋಗಿ ತೆರೆದು ನೋಡಿದರೆ ನಾಣ್ಯಗಳು ಡಬ್ಬಿಯಲ್ಲಿ ತುಂಬಿ ತುಳುಕಿ ಯಂತ್ರವನ್ನೇ ಸ್ತಬ್ಧಗೊಳಿಸಿದ್ದವು! 1976ರಲ್ಲಿ ಬುಶ್ನೆಲ್ ಈ ಕಂಪೆನಿಯನ್ನು ಸುಮಾರು 2 ಕೋಟಿ 80 ಲಕ್ಷ ಡಾಲರಿಗೆ ವಾರ್ನರ್‌ಗೆ ಮಾರಿದರು. ಮರುವರ್ಷ ಬಂದದ್ದು ಮನೆಯ ಯಂತ್ರ. ಒಂದೇ ಆಟವನ್ನು ಒಡಲಲ್ಲಿ ಇಟ್ಟುಕೊಂಡ ಹಳೆಯ ಪೆಟ್ಟಿಗೆಗಳಂತೆ ಅದು ಇರಲಿಲ್ಲ. ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದಂತೆ ಬೇರೆ ಬೇರೆ ಆಟದ ಕಾರ್ಟ್ರಿಜ್‌ಗಳನ್ನು ಅದಕ್ಕೆ ಸಿಕ್ಕಿಸಬಹುದಿತ್ತು. ಯಂತ್ರ ಒಮ್ಮೆ ಮಾರಾಟವಾದರೆ ಮುಗಿಯಿತು, ಕಾರ್ಟ್ರಿಜ್ ವರ್ಷವಿಡೀ ಮಾರಾಟವಾಗುತ್ತದೆ. ಲಾಭವೆಲ್ಲ ಕಾರ್ಟ್ರಿಜ್‌ನಲ್ಲಿ. ಕ್ಷೌರದ ಹಿಡಿಯನ್ನು ಅಗ್ಗಕ್ಕೆ ಕೊಟ್ಟು ಬ್ಲೇಡಿನಲ್ಲಿ ದುಡ್ಡು ಮಾಡುವ ಹಳೆಯ ವ್ಯಾಪಾರ ಸೂತ್ರವೇ ಇದು.

ಸೂತ್ರದಲ್ಲಿ ಒಂದು ತೂತು ಇತ್ತು. ಹಿಡಿ ನಿಮ್ಮದು ಸರಿ, ಆದರೆ ಬ್ಲೇಡನ್ನು ಬೇರೆಯವನು ಮಾಡಿ ಮಾರಿದರೆ?

ಆ ಬೇರೆಯವರು ಅಟಾರಿಯ ಮನೆಯೊಳಗಿಂದಲೇ ಎದ್ದು ಬಂದರು. ಬುಶ್ನೆಲ್ ಹೊರನಡೆದ ಮೇಲೆ ಅಧಿಕಾರ ವಹಿಸಿಕೊಂಡ ರೇ ಕಸಾರ್ ಜವಳಿ ಉದ್ಯಮದಿಂದ ಬಂದವರು. ಅವರ ಆಡಳಿತದಲ್ಲಿ ಆಟ ಬರೆದವನ ಹೆಸರು ಡಬ್ಬಿಯ ಮೇಲೆ ಬರುತ್ತಿರಲಿಲ್ಲ. ಮಾರಾಟದಲ್ಲಿ ಪಾಲಂತೂ ದೂರದ ಮಾತು. ಹೆಸರಿನ ಹಂಬಲ ತಡೆಯಲಾರದೆ ವಾರೆನ್ ರಾಬಿನೆಟ್ ಎಂಬ ತಂತ್ರಜ್ಞ 'ಅಡ್ವೆಂಚರ್' ಎಂಬ ತನ್ನ ಆಟದೊಳಗೆ ಒಂದು ಗುಪ್ತ ಕೋಣೆ ಕಟ್ಟಿ ಅಲ್ಲಿ ತನ್ನ ಹೆಸರನ್ನು ಬರೆದಿಟ್ಟ. ಡೇವಿಡ್ ಕ್ರೇನ್, ಲ್ಯಾರಿ ಕಪ್ಲಾನ್, ಆಲನ್ ಮಿಲ್ಲರ್ ಮತ್ತು ಬಾಬ್ ವೈಟ್‌ಹೆಡ್ ಎಂಬ ನಾಲ್ವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯಾವ ಆಟ ಎಷ್ಟು ಮಾರಾಟವಾಯಿತೆಂಬ ಪಟ್ಟಿಯೊಂದು ಕಚೇರಿಯಲ್ಲಿ ಹರಿದಾಡಿದಾಗ, ವರ್ಷದ 10 ಕೋಟಿ ಡಾಲರಿನ ವಹಿವಾಟಿನಲ್ಲಿ 6 ಕೋಟಿಯಷ್ಟು ತಮ್ಮ ನಾಲ್ವರದೇ ಕೆಲಸದ ಫಲವೆಂದು ಅವರು ಲೆಕ್ಕ ಹಾಕಿದರು ಎಂದು ಕ್ರೇನ್ ಮುಂದೆ ಹೇಳಿಕೊಂಡಿದ್ದಾರೆ. ಹೆಸರು ಮತ್ತು ಪಾಲು ಕೇಳಲು ಹೋದಾಗ, ಕಾರ್ಖಾನೆಯಲ್ಲಿ ಕಾರ್ಟ್ರಿಜ್ ಜೋಡಿಸುವವರಿಗಿಂತ ನೀವೇನೂ ಹೆಚ್ಚಲ್ಲ ಎಂಬ ಅರ್ಥದ ಉತ್ತರ ಸಿಕ್ಕಿತಂತೆ. 1979ರಲ್ಲಿ ಅವರು ಹೊರಬಂದು ಜಿಮ್ ಲೆವಿ ಜೊತೆ ಸೇರಿ ಆಕ್ಟಿವಿಷನ್ ಎಂಬ ಕಂಪೆನಿ ಕಟ್ಟಿದರು. ಅದು ಮಾಡಿದ್ದೇನು? ಅಟಾರಿಯ ಯಂತ್ರಕ್ಕೇ ಕಾರ್ಟ್ರಿಜ್. ಜೊತೆಯ ಕೈಪಿಡಿಯಲ್ಲಿ ಆಟ ಬರೆದವನ ಹೆಸರು, ಭಾವಚಿತ್ರ!

ಅಟಾರಿ ನ್ಯಾಯಾಲಯದ ಮೆಟ್ಟಿಲೇರಿತು. 1982ರಲ್ಲಿ ರಾಜಿಯಾಯಿತು, ಆಕ್ಟಿವಿಷನ್ ಒಂದಿಷ್ಟು ರಾಜಧನ ಕೊಡುವುದು, ಅಟಾರಿ ಸುಮ್ಮನಿರುವುದು. ಇದರ ಅರ್ಥ ಎಲ್ಲರಿಗೂ ತಿಳಿಯಿತು. ಈ ಯಂತ್ರಕ್ಕೆ ಯಾರು ಬೇಕಾದರೂ ಆಟ ಮಾಡಬಹುದು! ಓಟ್ಸ್ ಮಾರುವ ಕ್ವೇಕರ್ ಕಂಪೆನಿ ಆಟದ ಕಂಪೆನಿಯೊಂದನ್ನು ಕೊಂಡಿತು. ನಾಯಿ ಆಹಾರದ ಪ್ಯುರಿನಾ ತನ್ನ ಜಾಹೀರಾತಿಗೊಂದು ಆಟ ಹೊರತಂದಿತು. ಜಾನ್ಸನ್ ಅಂಡ್ ಜಾನ್ಸನ್ ಹಲ್ಲು ಉಳಿಸುವ ಆಟವೊಂದನ್ನು ಹೊರತಂದಿತು. ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಅಂಗಡಿ ಎದ್ದಂತೆ ಎದ್ದವು ಕಂಪೆನಿಗಳು.

ಅಟಾರಿಯೂ ಹಿಂದೆ ಬೀಳಲಿಲ್ಲ. ಬಳಕೆಯಲ್ಲಿ ಸುಮಾರು 1 ಕೋಟಿ ಯಂತ್ರಗಳು ಇದ್ದಾಗ ಅದು 'ಪ್ಯಾಕ್‌ಮ್ಯಾನ್' ಆಟದ 1 ಕೋಟಿ 20 ಲಕ್ಷ ಕಾರ್ಟ್ರಿಜ್‌ಗಳನ್ನು ತಯಾರಿಸಿತು ಎಂಬುದು ಪ್ರಸಿದ್ಧ ಕಥೆ. ಆಟವನ್ನು ಆಡಲೆಂದೇ ಹೊಸಬರು ಯಂತ್ರ ಕೊಳ್ಳುತ್ತಾರೆಂಬ ಧೈರ್ಯ! ಸುಮಾರು 70 ಲಕ್ಷ ಮಾರಾಟವಾದವು. ಆದರೆ ಅವಸರದ ಆ ಕೆಲಸ ಕೊಂಡವರಿಗೆ ರುಚಿಸಲಿಲ್ಲ. ಆನಂತರ ಸ್ಪೀಲ್‌ಬರ್ಗ್ ಅವರ 'ಇ.ಟಿ.' ಚಿತ್ರದ ಹಕ್ಕಿಗೆ 2 ಕೋಟಿ ಡಾಲರಿಗೂ ಹೆಚ್ಚು ಸುರಿದು, ಕ್ರಿಸ್‌ಮಸ್ ವ್ಯಾಪಾರ ತಪ್ಪಬಾರದೆಂದು ಹೊವರ್ಡ್ ಸ್ಕಾಟ್ ವಾರ್ಷಾ ಅವರಿಗೆ ಕೊಟ್ಟದ್ದು ಬರೀ ಐದು ವಾರ. ಆಟದ ನಾಯಕ ಹೆಜ್ಜೆ ಹೆಜ್ಜೆಗೂ ಗುಂಡಿಯಲ್ಲಿ ಬೀಳುತ್ತಿದ್ದ. ಕಂಪೆನಿಯೂ ಬಿತ್ತು.

ಆದರೆ ಉದ್ಯಮ ಮುಳುಗಿದ್ದು ಒಂದು ಕೆಟ್ಟ ಆಟದಿಂದಲ್ಲ, ಅಂಗಡಿಯವನ ಕಪಾಟಿನಿಂದ. ಮಾರಾಟವಾಗದ ಸರಕನ್ನು ಹಿಂತಿರುಗಿಸಬಹುದೆಂಬ ಭರವಸೆಯ ಮೇಲೆ ಅಂಗಡಿಯವರು ಎಲ್ಲರ ಕಾರ್ಟ್ರಿಜ್‌ಗಳನ್ನೂ ತುಂಬಿಕೊಂಡಿದ್ದರು. ಹಿಂತಿರುಗಿಸಲು ಹೋದರೆ ಸಣ್ಣ ಕಂಪೆನಿಗಳ ಬಳಿ ಕೊಡಲು ಹಣವಿರಲಿಲ್ಲ, ಹಲವು ಕಂಪೆನಿಗಳೇ ಇರಲಿಲ್ಲ. 30-35 ಡಾಲರಿನ ಆಟಗಳನ್ನು ಬುಟ್ಟಿಗೆ ಸುರಿದು 5 ಡಾಲರಿಗೆ ಮಾರತೊಡಗಿದರು. ಬುಟ್ಟಿಯಲ್ಲಿ 5 ಡಾಲರಿಗೆ ಆಟ ಸಿಗುವಾಗ ಒಳ್ಳೆಯ ಆಟಕ್ಕೆ 35 ಡಾಲರ್ ಕೊಡುವ ತಂದೆ ಯಾರು? ಒಳ್ಳೆಯದು ಕೆಟ್ಟದ್ದು ಎರಡೂ ಒಟ್ಟಿಗೆ ಮುಳುಗಿದವು. 1983ರಲ್ಲಿ ಅಟಾರಿಯ ನಷ್ಟ 50 ಕೋಟಿ ಡಾಲರನ್ನು ಮೀರಿತು. ಆ ಸೆಪ್ಟೆಂಬರಿನಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಪಟ್ಟಣದ ಕಸದ ಗುಂಡಿಗೆ ಲಾರಿಗಟ್ಟಲೆ ಕಾರ್ಟ್ರಿಜ್‌ಗಳನ್ನು ಹಾಕಿ ಮೇಲೆ ಕಾಂಕ್ರೀಟು ಸುರಿಯಲಾಯಿತು. ಬಹಳ ಕಾಲ ಕಟ್ಟುಕಥೆಯೆಂದೇ ಕೆಲವರು ನಂಬಿದ್ದ ಇದನ್ನು 2014ರಲ್ಲಿ ಅಗೆದು ನೋಡಿ ನಿಜವೆಂದು ಖಚಿತಪಡಿಸಿಕೊಳ್ಳಲಾಯಿತು. 1984ರ ಜುಲೈನಲ್ಲಿ ವಾರ್ನರ್ ಅಟಾರಿಯ ಗೃಹಬಳಕೆ ವಿಭಾಗವನ್ನು ಜಾಕ್ ಟ್ರಮೀಲ್ ಎಂಬ ಉದ್ಯಮಿಗೆ ಬಹುತೇಕ ಸಾಲಪತ್ರಗಳ ಮೇಲೆಯೇ ಕೊಟ್ಟು ಕೈತೊಳೆದುಕೊಂಡಿತು.

ಅಷ್ಟರಲ್ಲಿ ಜಪಾನಿನಲ್ಲಿ ಬೇರೆಯೇ ಗಾಳಿ ಬೀಸುತ್ತಿತ್ತು. ಕ್ಯೋಟೋ ನಗರದ ನಿಂಟೆಂಡೊ 1889ರಲ್ಲಿ ಹೂವಿನ ಚಿತ್ರದ ಇಸ್ಪೀಟು ಎಲೆಗಳನ್ನು ತಯಾರಿಸಲು ಹುಟ್ಟಿದ ಮನೆತನದ ಅಂಗಡಿ. 1949ರಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಹಿರೋಶಿ ಯಮೌಚಿ ಅದರ ಯಜಮಾನಿಕೆ ವಹಿಸಿಕೊಂಡರು. ಟ್ಯಾಕ್ಸಿ, ದಿಢೀರ್ ಅನ್ನ ಎಂದು ಕೈಸುಟ್ಟುಕೊಂಡು ಕೊನೆಗೆ ಆಟಿಕೆಯ ದಾರಿ ಹಿಡಿದ ಅವರು 1983ರ ಜುಲೈ 15ರಂದು 14,800 ಯೆನ್ ಬೆಲೆಯ 'ಫ್ಯಾಮಿಕಾಮ್' ಯಂತ್ರವನ್ನು ಹೊರತಂದರು. ಇದನ್ನು ಜಪಾನಿನ ಹೊರಗೆ ಮಾರುವ ಹಕ್ಕನ್ನು ಅಟಾರಿಗೆ ಕೊಡಲು ಅದೇ ವರ್ಷ ಮಾತುಕತೆ ನಡೆದಿತ್ತು. ಅದು ಮುರಿದುಬಿತ್ತು. ಅಟಾರಿ ಕೈಬಿಟ್ಟ ಅವಕಾಶಗಳಲ್ಲಿ ಇದಕ್ಕಿಂತ ದುಬಾರಿಯದು ಇನ್ನೊಂದಿಲ್ಲ.

1985ರ ಅಕ್ಟೋಬರಿನಲ್ಲಿ ನಿಂಟೆಂಡೊ ತಾನೇ ನ್ಯೂಯಾರ್ಕಿಗೆ ಬಂತು. ಬಿಸಿ ಹಾಲು ಕುಡಿದ ಬೆಕ್ಕು ಮಜ್ಜಿಗೆಯನ್ನೂ ಊದುತ್ತದಲ್ಲವೇ? ವಿಡಿಯೋ ಗೇಮ್ ಎಂದರೆ ಅಂಗಡಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ. ಹಾಗಾಗಿ ಆ ಪದವನ್ನೇ ಬಿಟ್ಟು ಯಂತ್ರಕ್ಕೆ 'ಎಂಟರ್‌ಟೇನ್‌ಮೆಂಟ್ ಸಿಸ್ಟಮ್' ಎಂದು ಹೆಸರಿಟ್ಟರು, ಜೊತೆಗೊಂದು ರೋಬಟ್ ಬೊಂಬೆಯನ್ನು ಸೇರಿಸಿದರು. ಮಾರಾಟವಾಗದ್ದನ್ನೆಲ್ಲ ವಾಪಸು ಪಡೆಯುತ್ತೇವೆ ಎಂದರು. ಇವೆಲ್ಲ ಬಾಗಿಲು ದಾಟಲು ಬೇಕಾದ ಉಪಾಯಗಳು. ನಿಜವಾದ ಹೊಸತು ಯಂತ್ರದ ಒಳಗಿತ್ತು.

ಅದೊಂದು ಸಣ್ಣ ಚಿಪ್. ಅದರ ಜೋಡಿ ಪ್ರತಿ ಕಾರ್ಟ್ರಿಜ್‌ನಲ್ಲೂ ಇರಬೇಕು. ವಿದ್ಯುತ್ ಹರಿದೊಡನೆ ಎರಡೂ ಒಂದೇ ಲೆಕ್ಕವನ್ನು ಮಾಡುತ್ತ ಉತ್ತರ ತಾಳೆ ನೋಡುತ್ತವೆ. ತಾಳೆಯಾದರೆ ಆಟ. ಆಗದಿದ್ದರೆ ಯಂತ್ರ ಸೆಕೆಂಡಿಗೊಮ್ಮೆ ಮೊದಲಿನಿಂದ ಶುರುವಾಗುತ್ತ ಮಿಣುಕುತ್ತಿರುತ್ತದೆ. ಜೋಡಿ ಚಿಪ್ ಸಿಗುವುದು ನಿಂಟೆಂಡೊ ಬಳಿ ಮಾತ್ರ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ಇದೆ. ಇಲ್ಲಿ ಕೊಳ್ಳೆ ಹೋದದ್ದು ಒಬ್ಬರ ಊರು, ಬಾಗಿಲು ಹಾಕಿಕೊಂಡವರು ಇನ್ನೊಬ್ಬರು. (ಸಂಪರ್ಕದ ತಂತಿಗಳು ಸವೆದಾಗ ಅಸಲಿ ಕಾರ್ಟ್ರಿಜ್‌ಗೂ ಬೀಗ ತೆರೆಯುತ್ತಿರಲಿಲ್ಲ. ಕಾರ್ಟ್ರಿಜ್ ತೆಗೆದು ಉಫ್ ಎಂದು ಊದಿ ಮತ್ತೆ ಹಾಕುವ ಅಭ್ಯಾಸಕ್ಕೆ ಈ ಕಾವಲುಗಾರನೂ ಒಂದು ಕಾರಣ.)

ಬೀಗದ ಹಿಂದೆ ಒಪ್ಪಂದ ಬಂತು. ಆಟ ಬರೆಯುವ ಕಂಪೆನಿ ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟ ತರುವಂತಿಲ್ಲ. ತಂದ ಆಟವನ್ನು ಎರಡು ವರ್ಷ ಬೇರೆ ಯಂತ್ರಕ್ಕೆ ಕೊಡುವಂತಿಲ್ಲ. ಕಾರ್ಟ್ರಿಜ್ ತಯಾರಿಸುವುದು ನಿಂಟೆಂಡೊ, ಕನಿಷ್ಠ ಇಷ್ಟು ಸಾವಿರ ಎಂದು ಮುಂಗಡ ಹಣ ಕೊಟ್ಟೇ ಕೊಳ್ಳಬೇಕು. ಆಟ ಗೆದ್ದರೂ ಸೋತರೂ ನಿಂಟೆಂಡೊ ಹಣ ಮೊದಲೇ ಪೆಟ್ಟಿಗೆ ಸೇರಿರುತ್ತಿತ್ತು. ಐದರ ಮಿತಿ ದಾಟಲು ಕೊನಾಮಿ ಕಂಪೆನಿ 'ಅಲ್ಟ್ರಾ' ಎಂಬ ಇನ್ನೊಂದು ಹೆಸರಿನಲ್ಲಿ ಅಂಗಡಿ ತೆರೆಯಬೇಕಾಯಿತು. 1988ರಲ್ಲಿ ಚಿಪ್‌ಗಳ ಕೊರತೆ ಬಂದಾಗ ಯಾರಿಗೆ ಎಷ್ಟು ಕಾರ್ಟ್ರಿಜ್ ಎಂದು ಹಂಚಿದ್ದೂ ನಿಂಟೆಂಡೊನೇ. ಇಷ್ಟಾದರೂ ಒಂದು ಮಾತು ಒಪ್ಪಲೇಬೇಕು. ಈ ಕಟ್ಟುಪಾಡು ಇಲ್ಲದಿದ್ದರೆ ಸುಟ್ಟುಕೊಂಡ ಅಂಗಡಿಯವರು ಮತ್ತೆ ಆಟಗಳನ್ನು ಕಪಾಟಿನಲ್ಲಿ ಇಡುತ್ತಿರಲಿಲ್ಲ. 1990ರ ಹೊತ್ತಿಗೆ ಅಮೆರಿಕದ ಮೂರು ಮನೆಗಳಲ್ಲಿ ಹೆಚ್ಚುಕಡಿಮೆ ಒಂದರಲ್ಲಿ ಈ ಯಂತ್ರವಿತ್ತು.

ಬೀಗ ಒಡೆಯಲು ಹೊರಟವರೂ ಇದ್ದರು. ಹಳೆಯ ಅಟಾರಿಯ ಒಂದು ಕವಲಾದ ಅಟಾರಿ ಗೇಮ್ಸ್, ಸರಕಾರದ ಕೃತಿಸ್ವಾಮ್ಯ ಕಚೇರಿಯಿಂದ ಬೀಗದ ಪ್ರೋಗ್ರಾಮಿನ ಪ್ರತಿಯನ್ನು ಸುಳ್ಳು ಕಾರಣ ಹೇಳಿ ಪಡೆದಿತ್ತೆಂದು ನ್ಯಾಯಾಲಯ ಕಂಡುಕೊಂಡಿತು; 1992ರಲ್ಲಿ ಮೇಲ್ಮನವಿಯ ತೀರ್ಪೂ ಅದರ ವಿರುದ್ಧವೇ ಬಂತು. ಅದೇ ವರ್ಷ ಇನ್ನೊಂದು ಮೊಕದ್ದಮೆಯಲ್ಲಿ ಸೆಗಾ ಕಂಪೆನಿಯ ಯಂತ್ರವನ್ನು ಬಿಚ್ಚಿ ಅಭ್ಯಾಸ ಮಾಡಿ ಅದಕ್ಕೆ ಆಟ ಬರೆದ ಅಕೊಲೇಡ್ ಗೆದ್ದಿತು. ಕದ್ದ ಕೀಲಿ ಬೇರೆ, ಬೀಗವನ್ನು ನೋಡಿ ನೋಡಿ ನೀವೇ ಮಾಡಿಕೊಂಡ ಕೀಲಿ ಬೇರೆ ಎಂಬುದು ಈ ಎರಡು ತೀರ್ಪುಗಳ ನಡುವಿನ ಸೂಕ್ಷ್ಮ.

ನಮ್ಮ ಕಡೆಯ ಮಕ್ಕಳಿಗೆ ಈ ಜಗಳ ಯಾವುದೂ ತಟ್ಟಲಿಲ್ಲ. ಜಪಾನಿನ ಫ್ಯಾಮಿಕಾಮ್‌ಗೆ ಆ ಬೀಗದ ಚಿಪ್ ಇರಲೇ ಇಲ್ಲ. ಅದು ಬಂದದ್ದು ಅಮೆರಿಕದ ಯಂತ್ರದಲ್ಲಿ. ಬೀಗವಿಲ್ಲದ ಆ ಯಂತ್ರವನ್ನು ನಕಲು ಮಾಡಿದ ಪೆಟ್ಟಿಗೆಗಳು 1990ರ ದಶಕದಲ್ಲಿ ಭಾರತದ ಊರೂರುಗಳಿಗೆ 'ಟಿ.ವಿ. ಗೇಮ್' ಎಂಬ ಹೆಸರಿನಲ್ಲಿ ಬಂದವು. ಒಂದೇ 'ಕ್ಯಾಸೆಟ್'ನಲ್ಲಿ ನೂರಾರು ಆಟ ಎಂಬ ಬಣ್ಣದ ಚೀಟಿ ಬೇರೆ! ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಬೇಸಿಗೆ ರಜೆಯನ್ನು ಮಾರಿಯೋ ಜೊತೆ ಕಳೆದ ಆ ಪೀಳಿಗೆ ಕ್ಯೋಟೋಗೆ ಬಿಡಿಗಾಸನ್ನೂ ಕೊಟ್ಟಿರಲಿಲ್ಲ.

ಬೀಗವೇ ಕೊನೆಗೆ ನಿಂಟೆಂಡೊಗೂ ಮುಳುವಾಯಿತು. ಸೋನಿ ಜೊತೆ ಸೇರಿ ಸಿ.ಡಿ. ಯಂತ್ರ ತರುವ ಒಪ್ಪಂದ ಆಗಿತ್ತು. 1991ರ ಜೂನಿನಲ್ಲಿ ಷಿಕಾಗೋದ ಪ್ರದರ್ಶನದಲ್ಲಿ ಸೋನಿ ಅದನ್ನು ಘೋಷಿಸಿದ ಮರುದಿನವೇ ನಿಂಟೆಂಡೊ ತಾನು ಫಿಲಿಪ್ಸ್ ಜೊತೆ ಹೋಗುವುದಾಗಿ ಸಾರಿತು. ಸಿ.ಡಿ.ಯ ಆಟಗಳ ಮೇಲಿನ ಹಿಡಿತ ಸೋನಿಯ ಕೈಗೆ ಹೋಗುತ್ತದೆಂಬ ಭಯ ಅದಕ್ಕೆ. ಅವಮಾನಗೊಂಡ ಸೋನಿಯಲ್ಲಿ ಕೆನ್ ಕುಟರಗಿ ಎಂಬ ಎಂಜಿನಿಯರ್ ಪಟ್ಟು ಹಿಡಿದು ಕಟ್ಟಿದ 'ಪ್ಲೇಸ್ಟೇಷನ್' 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ಬಂತು. ಸಿ.ಡಿ. ಅಗ್ಗ, ಬೇಕಾದಷ್ಟನ್ನೇ ಬೇಗ ಒತ್ತಿಸಿಕೊಳ್ಳಬಹುದು. ಆಟದ ಕಂಪೆನಿಗಳಿಗೆ ಮುಂಗಡದ ಉರುಳು ಸಡಿಲವಾಯಿತು. ನಿಂಟೆಂಡೊ 1996ರಲ್ಲೂ ಕಾರ್ಟ್ರಿಜ್ ಬಿಡಲಿಲ್ಲ. ಅದರ ಹಳೆಯ ಒಡನಾಡಿ ಸ್ಕ್ವೇರ್ 1997ರಲ್ಲಿ 'ಫೈನಲ್ ಫ್ಯಾಂಟಸಿ 7' ಆಟವನ್ನು ಸೋನಿಯ ಯಂತ್ರಕ್ಕೆ ಕೊಟ್ಟಿತು. ಪ್ಲೇಸ್ಟೇಷನ್ 10 ಕೋಟಿಯ ಗಡಿ ದಾಟಿತು. ನಿಂಟೆಂಡೊ 64 ಸುಮಾರು 3 ಕೋಟಿ 30 ಲಕ್ಷಕ್ಕೆ ನಿಂತಿತು. ಸೋನಿಯೇನೂ ಬೀಗ ತೆಗೆಯಲಿಲ್ಲ, ಬಾಗಿಲ ಸುಂಕ ಇಳಿಸಿತು ಅಷ್ಟೆ.

ಈಗ ಕಾರ್ಟ್ರಿಜ್, ಸಿ.ಡಿ. ಎರಡೂ ಹಿಂದೆ ಸರಿದು ಆಟಗಳು ತಂತಿಯ ಮೇಲೆ ಬರುವ ಕಾಲ. ಬೀಗ ಚಿಪ್‌ನಿಂದ ಅಂಗಡಿಗೆ ವರ್ಗವಾಗಿದೆ. ಆಪಲ್ 2008ರಲ್ಲಿ ತೆರೆದ ಆಪ್ ಅಂಗಡಿ ಮಾರಾಟದಲ್ಲಿ ಶೇ. 30ರಷ್ಟನ್ನು ತನ್ನ ಪಾಲೆಂದು ಇಟ್ಟುಕೊಂಡಿತು. 2020ರಲ್ಲಿ ಎಪಿಕ್ ಗೇಮ್ಸ್ ಹೂಡಿದ ಮೊಕದ್ದಮೆಯ ಮೂಲ ಈ ಸುಂಕವೇ.

ಹೆಸರು ಕೇಳಿ ಹೊರಬಂದ ಆ ನಾಲ್ವರ ಆಕ್ಟಿವಿಷನ್ ಏನಾಯಿತು? ಹಲವು ಬಾರಿ ಮುಗ್ಗರಿಸಿ, ಒಮ್ಮೆ ಹೆಸರು ಬದಲಿಸಿ, ಮತ್ತೆ ಹಳೆಯ ಹೆಸರಿಗೆ ಮರಳಿ ದೈತ್ಯವಾಗಿ ಬೆಳೆಯಿತು. ಸ್ಥಾಪಕರು ಅಷ್ಟರಲ್ಲಿ ಎಂದೋ ಹೊರಗೆ ಹೋಗಿದ್ದರು. 2023ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಸುಮಾರು 6,900 ಕೋಟಿ ಡಾಲರಿಗೆ ಕೊಂಡಿತು. ಖರೀದಿಗೆ ಮೊದಲು ಅಮೆರಿಕ, ಬ್ರಿಟನ್‌ಗಳ ನಿಯಂತ್ರಕರು ತಿಂಗಳುಗಟ್ಟಲೆ ಚರ್ಚಿಸಿದ್ದು ಹಳೆಯ ಪ್ರಶ್ನೆಯನ್ನೇ: 'ಕಾಲ್ ಆಫ್ ಡ್ಯೂಟಿ' ಎಂಬ ಆಟವನ್ನು ಮೈಕ್ರೋಸಾಫ್ಟ್ ತನ್ನ ಯಂತ್ರಕ್ಕೆ ಮಾತ್ರ ಕಟ್ಟಿಹಾಕಿದರೆ? ಹಾಗೆ ಮಾಡುವುದಿಲ್ಲವೆಂದು ಅದು ಸೋನಿ, ನಿಂಟೆಂಡೊಗಳಿಗೆ ಹತ್ತು ವರ್ಷಗಳ ಕರಾರು ಬರೆದುಕೊಟ್ಟಿತು. ಮೂರು ತಿಂಗಳ ಬಳಿಕ, 2024ರ ಜನವರಿಯಲ್ಲಿ, ತನ್ನ ಆಟಗಳ ವಿಭಾಗಗಳಲ್ಲಿ ಸುಮಾರು 1,900 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಮೈಕ್ರೋಸಾಫ್ಟ್ ತಿಳಿಸಿತು. ಅವರಲ್ಲಿ ಆಕ್ಟಿವಿಷನ್‌ನವರೂ ಇದ್ದರು.