ಆಪ್ತ ಸಹಾಯಕಿ ಯಾರಿಗೆ ಆಪ್ತಳು?

ಮದುವೆಯೊಂದರ ನಿಮಿತ್ತ ಇತ್ತೀಚೆಗೆ ನಾವು ವಯನಾಡಿನ ಸುಲ್ತಾನ್ ಬತ್ತೇರಿಗೆ ಹೋಗಿದ್ದೆವು. ಕಾಸರಗೋಡಿನ ನಮ್ಮ ಓದುಗರಲ್ಲಿ ಅನೇಕರಿಗೆ ವಯನಾಡೆಂದರೆ ಕಾಫಿ, ಕರಿಮೆಣಸು ಮತ್ತು ತಾಮರಶ್ಶೇರಿ ಘಾಟಿಯ ತಿರುವುಗಳು. ನಮ್ಮಂತೆಯೇ ಹೊರಗೆ ಮಲಯಾಳ, ಮನೆಯೊಳಗೆ ಕನ್ನಡ ಎಂದು ಬದುಕುವ ಕುಟುಂಬಗಳು ಅಲ್ಲಿಯೂ ಇವೆಯೆಂಬುದು ಹೆಚ್ಚಿನವರಿಗೆ ತಿಳಿಯದು. ಬತ್ತೇರಿ ಪೇಟೆಯಲ್ಲಿರುವ ಹಳೆಯ ಕಲ್ಲಿನ ಜೈನ ಬಸದಿಯೇ ಕನ್ನಡನಾಡಿನೊಡನೆ ಆ ಸೀಮೆಗಿದ್ದ ನಂಟಿಗೆ ಸಾಕ್ಷಿ.

ನಾವು ಇಳಿದುಕೊಂಡ ಮನೆಯ ಮಗಳು ಮದುವೆಯ ಗದ್ದಲದ ನಡುವೆಯೂ ಮೂಲೆಯಲ್ಲಿ ಕುಳಿತು ಲ್ಯಾಪ್‌ಟಾಪಿನ ಕೀಲಿ ಒತ್ತುತ್ತಿದ್ದಳು. ಏನು ಕೆಲಸವಮ್ಮಾ ಎಂದು ಕೇಳಿದೆವು. ‘‘ಬೆಂಗಳೂರಿನ ಕಂಪೆನಿಯಲ್ಲಿ ಎಕ್ಸಿಕ್ಯೂಟಿವ್ ಅಸಿಸ್ಟೆಂಟ್’’ ಎಂದಳು. ಪಕ್ಕದಲ್ಲಿ ವೀಳ್ಯ ಮಡಿಸುತ್ತಿದ್ದ ಅಜ್ಜಿ, ‘‘ಯಾರದೋ ಫೋನು ಎತ್ತುವ ಕೆಲಸ. ಅದಕ್ಕೆ ಇಷ್ಟು ಓದಬೇಕಿತ್ತೇ?’’ ಎಂದರು. ಮೊಮ್ಮಗಳು ನಕ್ಕಳು. ನಮಗಾದರೋ ಆ ಕೆಲಸವೇನೆಂದು ತಿಳಿಯುವ ಕುತೂಹಲ ಹುಟ್ಟಿತು.

ನಮ್ಮ ಕಾಲದ ಕಚೇರಿಗಳಲ್ಲಿ ಇದಕ್ಕೆ ಆಪ್ತ ಸಹಾಯಕ ಎನ್ನುತ್ತಿದ್ದರು. ಆಗ ಬೆರಳಚ್ಚು, ಶೀಘ್ರಲಿಪಿ ಬಂದರೆ ಸಾಕಿತ್ತು. ಈಗ ಕೆಲಸದ ಹರವು ಹೆಚ್ಚಿದೆ. ಯಜಮಾನರ ದಿನವನ್ನು ಗಂಟೆ ಗಂಟೆಗೆ ಹಂಚುವುದು, ಯಾರನ್ನು ಭೇಟಿ ಮಾಡಿಸಬೇಕು, ಯಾರಿಗೆ ನಾಳೆ ಬನ್ನಿ ಎನ್ನಬೇಕೆಂದು ನಿರ್ಧರಿಸುವುದು, ಸಭೆಯ ನಡಾವಳಿ ಬರೆಯುವುದು, ಪ್ರಯಾಣದ ಚೀಟಿ, ಖರ್ಚಿನ ಲೆಕ್ಕ, ಸರಕಾರಿ ಇಲಾಖೆಗಳಿಗೆ ಪತ್ರ, ಹಣ ಹೂಡುವವರಿಗೆ ವರದಿ, ಹೀಗೆ ಪಟ್ಟಿ ಮುಗಿಯುವುದಿಲ್ಲ. ಆಕೆ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುತ್ತಾಳೆ, ಉಳಿದ ದಿನ ಮನೆಯಿಂದಲೇ ಕೆಲಸ. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ನಿಷೇಧವಿದೆ. ‘‘ಸಾರ್ ಅವರ ಸಭೆ ಎಷ್ಟೇ ದೊಡ್ಡದಾಗಲಿ, ಅವರು ಈ ಕಡೆ ಬರುವ ದಿನ 9ರ ಗೇಟನ್ನು ನೆನಪಿಟ್ಟುಕೊಂಡೇ ನಾನು ಸಮಯ ಕೊಡುವುದು’’ ಎಂದಳು.

ಕಂಪೆನಿ ಚಿಕ್ಕದು, ಈಗಿನ ಮಾತಿನಲ್ಲಿ ಸ್ಟಾರ್ಟಪ್. ಹೆಸರು ಬೇಡವೆಂದಳು, ನಾವೂ ಬರೆಯುವುದಿಲ್ಲ. ಆರೋಗ್ಯ ಶಿಬಿರಗಳಲ್ಲಿ ನಡೆಯುವ ರಕ್ತಪರೀಕ್ಷೆಯ ವಿವರಗಳನ್ನು ಫೋನಿನಲ್ಲಿಯೇ ದಾಖಲಿಸಿ ವೈದ್ಯರಿಗೆ ತಲಪಿಸುವುದು ಅದರ ವ್ಯವಹಾರ. ಇಂತಹ ಉದ್ಯಮಗಳು ಇಂದು ಅಪರೂಪವಲ್ಲ. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಇಬ್ಬರು ತರುಣರು 2008ರಲ್ಲಿ ‘ಪ್ರಾಕ್ಟೋ’ ಆರಂಭಿಸಿದರು. ಗೀತಾ ಮಂಜುನಾಥ್ ಅವರು 2016ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ನಿರಾಮಯಿ’ ದೇಹದ ಶಾಖದ ಚಿತ್ರದಿಂದ ಸ್ತನ ಕ್ಯಾನ್ಸರಿನ ಸುಳಿವು ಹುಡುಕುತ್ತದೆ. ಕೇರಳದ ಜೆನ್‌ರೋಬೋಟಿಕ್ಸ್ ಸಂಸ್ಥೆಯವರ, ನಡೆಯಲಾರದವರಿಗೆ ನಡಿಗೆ ಕಲಿಸುವ ಯಂತ್ರವು ಬತ್ತೇರಿಯ ಸಮೀಪದ ನೂಲ್ಪುಳ ಕುಟುಂಬ ಆರೋಗ್ಯ ಕೇಂದ್ರಕ್ಕೂ ಬಂದಿದೆ. ಹೊಸ ವಿದ್ಯೆ ಹಳ್ಳಿಗೆ ಬರುವುದು ಸಂತೋಷವೇ ಸರಿ.

ಅರಿವಾಳ್ ರೋಗ

ಆಕೆಯ ಕಂಪೆನಿ ವಯನಾಡಿಗೆ ಬಂದದ್ದು ಕುಡುಗೋಲು ಕಣ ರೋಗದ ತಪಾಸಣೆಗಾಗಿ. ಅಲ್ಲಿಯವರು ಅದನ್ನು ಅರಿವಾಳ್ ರೋಗ ಎನ್ನುತ್ತಾರೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಸಹಿಸಲಾಗದ ನೋವು ಕೊಡುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ವಯನಾಡಿಗೆ ತಾಗಿಕೊಂಡಿರುವ ನೀಲಗಿರಿಯ ಗಿರಿಜನರಲ್ಲಿ; ಲೇಮನ್ ಮತ್ತು ಕಟ್‌ಬುಷ್ ಎಂಬ ಇಬ್ಬರು ವಿಜ್ಞಾನಿಗಳಿಂದ. ವಯನಾಡಿನಲ್ಲಿ ಪಣಿಯ, ಕುರುಮ, ಕುರಿಚ್ಯ ಮೊದಲಾದ ಗಿರಿಜನರಲ್ಲಿಯೂ ವಯನಾಡನ್ ಚೆಟ್ಟಿ ಸಮುದಾಯದಲ್ಲಿಯೂ ಇದು ಕಂಡುಬರುತ್ತದೆ. 2011ರ ಜನಗಣತಿಯಂತೆ ಜಿಲ್ಲೆಯ 8,17,420 ಜನರಲ್ಲಿ ಶೇಕಡಾ 18.5ರಷ್ಟು ಪರಿಶಿಷ್ಟ ಪಂಗಡದವರು. ಕೇರಳದಲ್ಲಿ ಇದೇ ಅತ್ಯಧಿಕ. ನಾಗಪುರದಿಂದ 1980ರಲ್ಲಿ ಬಂದು ಮುಟ್ಟಿಲ್‌ನ ವಿವೇಕಾನಂದ ಮೆಡಿಕಲ್ ಮಿಷನ್ ಆಸ್ಪತ್ರೆಯಲ್ಲಿ ನೆಲೆನಿಂತ ಡಾ. ಧನಂಜಯ ಸಗ್‌ದೇವ್ ಅವರು ಈ ರೋಗಿಗಳ ಸೇವೆಯಲ್ಲಿ ಬಹುಕಾಲ ಕಳೆದವರು. ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಕೇಂದ್ರ ಸರಕಾರವೂ 2023ರ ಜುಲೈ 1ರಂದು ರೋಗ ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು.

ಇಲ್ಲಿ ಓದುಗರು ಒಂದು ವಿಚಾರವನ್ನು ಗಮನಿಸಬೇಕು. ತಾಯಿ ತಂದೆಯರಲ್ಲಿ ಒಬ್ಬರಿಂದ ಮಾತ್ರ ಈ ದೋಷ ಬಂದರೆ ಮಗು ವಾಹಕವಾಗುತ್ತದೆ. ವಾಹಕರು ಸಾಮಾನ್ಯವಾಗಿ ಆರೋಗ್ಯದಿಂದಲೇ ಇರುತ್ತಾರೆ. ವಾಹಕರಾದ ಇಬ್ಬರು ಮದುವೆಯಾದರೆ ಪ್ರತಿ ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಆದುದರಿಂದ ಮದುವೆಗೆ ಮೊದಲೇ ತನ್ನ ರಕ್ತದ ಸಂಗತಿ ತನಗೆ ತಿಳಿದಿರುವುದು ಒಳ್ಳೆಯದು. ಆದರೆ ಅದೇ ಸಂಗತಿ ಊರಿಗೆಲ್ಲ ತಿಳಿದರೆ? ವಾಹಕ ಯಾವುದು, ರೋಗಿ ಯಾವುದು ಎಂದು ವಿಚಾರಿಸುವ ತಾಳ್ಮೆ ಊರಿಗೆಲ್ಲಿದೆ? ಹುಡುಗಿಯ ಹೆಸರಿಗೆ ಒಮ್ಮೆ ಆ ಮಾತು ಅಂಟಿದರೆ ಗಂಡಿನ ಕಡೆಯವರು ಹೊಸ್ತಿಲು ತುಳಿಯುವುದಿಲ್ಲ.

ಹೆಸರಿನ ಪಟ್ಟಿ

ಶಿಬಿರದ ದಿನ ಆಕೆಯೂ ಕಾಡಂಚಿನ ಹಾಡಿಗೆ ಹೋಗಿದ್ದಳು. ಒಪ್ಪಿಗೆಯ ಫಾರಂ ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಇತ್ತು. ಕಾಟ್ಟುನಾಯ್ಕರ ಮುದುಕಿಯೊಬ್ಬಳು ಹೆಬ್ಬೆಟ್ಟು ಒತ್ತಲು ಹಿಂಜರಿದಳು. ಅವರ ಮಾತು ಕನ್ನಡಕ್ಕೆ ಬಹಳ ಹತ್ತಿರ. ನಮ್ಮ ಹುಡುಗಿ ಮನೆಯ ಕನ್ನಡದಲ್ಲಿಯೇ ವಿವರಿಸಿದಳು. ಮುದುಕಿ ಕೇಳಿದ್ದು ಒಂದೇ ಪ್ರಶ್ನೆ: ‘‘ಇದನ್ನು ಬೇರೆಯವರಿಗೆ ಹೇಳುತ್ತೀರಾ?’’ ‘‘ಡಾಕ್ಟರಿಗೆ ಮಾತ್ರ’’ ಎಂದು ಆಕೆ ಮಾತು ಕೊಟ್ಟಳು. ಅನಂತರ ಮುದುಕಿಯೂ ಮೊಮ್ಮಕ್ಕಳೂ ಕೈ ಮುಂದೆ ಚಾಚಿದರು.

ಎರಡು ವಾರ ಕಳೆದು ಬೆಂಗಳೂರಿನಲ್ಲಿ ಹಣ ಹೂಡುವವರ ಸಭೆ. ಕೆಲಸ ನಿಜವಾಗಿಯೂ ನಡೆದಿದೆಯೆಂದು ತೋರಿಸಲು ಶಿಬಿರದ ಪೂರ್ತಿ ಪಟ್ಟಿಯನ್ನೇ ವರದಿಗೆ ಸೇರಿಸೆಂದು ಯಜಮಾನರಿಂದ ಸಂದೇಶ ಬಂತು. ಅದರಲ್ಲಿ ಹೆಸರು, ವಯಸ್ಸು, ಹಾಡಿ, ಫಲಿತಾಂಶ ಎಲ್ಲವೂ ಇತ್ತು. ದುರುದ್ದೇಶ ಅವರಿಗಿರಲಿಲ್ಲ, ಬೆಂಗಳೂರಿನಲ್ಲಿ ಕುಳಿತವರಿಗೆ ಅದು ಬರಿಯ ಪಟ್ಟಿ. ಆಕೆಗಾದರೋ ಅದರ ಒಂದೊಂದು ಸಾಲಿಗೂ ಒಂದೊಂದು ಮುಖವಿತ್ತು. ಹೆಸರು, ಹಾಡಿ ಎರಡನ್ನೂ ತೆಗೆದು, ಎಷ್ಟು ಜನರ ಪರೀಕ್ಷೆಯಾಯಿತು, ಎಷ್ಟು ಮಂದಿಗೆ ಔಷಧಿ ಬೇಕು ಎಂಬ ಅಂಕೆಗಳನ್ನಷ್ಟೇ ಕಳುಹಿಸಿದಳು. ‘‘ಹೆಸರುಗಳನ್ನು ವೈದ್ಯರಿಗೆ ಕಳುಹಿಸಿದ್ದೇನೆ ಸಾರ್, ಇತರರಿಗೆ ಕಳುಹಿಸಲಾರೆ’’ ಎಂದು ಕೆಳಗೆ ಬರೆದಳು.

‘‘ಸಾರ್ ಏನೆಂದರು?’’ ಎಂದು ನಾವು ಕೇಳಿದೆವು.

‘‘ಸಿಟ್ಟಾದರು. ಹೇಳಿದ ಕೆಲಸ ಮಾಡಲು ನೀನಿರುವುದು ಎಂದರು. ಆದರೆ ಸಭೆಗೆ ಹೋದದ್ದು ಹೆಸರಿಲ್ಲದ ವರದಿಯೇ. ಹೊಗಳಿಕೆಯೇನೂ ಬರಲಿಲ್ಲ, ಕೆಲಸವೂ ಹೋಗಲಿಲ್ಲ’’ ಎಂದು ಆಕೆ ಮತ್ತೆ ಲ್ಯಾಪ್‌ಟಾಪಿಗೆ ತಿರುಗಿದಳು.

2023ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಕಾಯಿದೆ ಮಾಡಿದೆ. ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದರೋ ಅದಕ್ಕೇ ವಿವರವನ್ನು ಬಳಸಬೇಕೆಂಬುದು ಅದರ ತಿರುಳು. ಒಳ್ಳೆಯದೇ. ಆದರೆ ಕಾಯಿದೆಯ ಪುಸ್ತಕ ದಿಲ್ಲಿಯಲ್ಲಿದ್ದರೆ, ಪಟ್ಟಿ ಕಳುಹಿಸುವ ಗುಂಡಿ ಇರುವುದು ಇಂತಹ ಸಹಾಯಕಿಯರ ಬೆರಳ ತುದಿಯಲ್ಲಿ. ಒಬ್ಬ ಹುಡುಗಿಯ ಧೈರ್ಯದ ಮೇಲೆ ಇಡೀ ಹಾಡಿಯ ಮರ್ಯಾದೆ ನಿಲ್ಲುವುದು ಸರಿಯಲ್ಲ. ಹೆಸರು ಯಾರವರೆಗೆ ಹೋಗಬೇಕು, ಯಾರವರೆಗೆ ಹೋಗಕೂಡದು ಎಂಬುದನ್ನು ಇಂತಹ ಕಂಪೆನಿಗಳು ಶಿಬಿರಕ್ಕೆ ಮೊದಲೇ ಬರೆದಿಡಬೇಕು. ಒಪ್ಪಿಗೆಯ ಫಾರಂ ಜನರಾಡುವ ಮಾತಿನಲ್ಲಿರಬೇಕು.

ನಮ್ಮ ಗಡಿನಾಡಿನ ಮಕ್ಕಳು ಎರಡು ಮೂರು ಭಾಷೆ ಕಲಿಯುವುದನ್ನು ನಾವು ಹೊರೆಯೆಂದೇ ಮಾತಾಡುತ್ತೇವೆ. ಮಲಯಾಳದಲ್ಲಿ ಅರ್ಜಿ ಓದಿ, ಇಂಗ್ಲಿಷಿನಲ್ಲಿ ವರದಿ ಬರೆದು, ಕನ್ನಡದಲ್ಲಿ ಮುದುಕಿಯ ಅಂಜಿಕೆ ಬಿಡಿಸಬಲ್ಲವರು ಇಂತಹ ಉದ್ಯೋಗಕ್ಕೆ ಹೇಳಿ ಮಾಡಿಸಿದವರು. ಕೆಲಸ ಹುಡುಕುವ ನಮ್ಮ ತರುಣ ತರುಣಿಯರು ಇದನ್ನು ಗಮನಿಸಲಿ.

ಹೊರಡುವಾಗ ಅಜ್ಜಿಗೆ, ‘‘ನಿಮ್ಮ ಮೊಮ್ಮಗಳದು ಫೋನು ಎತ್ತುವ ಕೆಲಸ ಮಾತ್ರವಲ್ಲ’’ ಎಂದೆವು. ‘‘ಮತ್ತೇನು?’’ ಎಂದರು. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಕೆಲಸ ಎಂದೆವು. ಅಜ್ಜಿ ವೀಳ್ಯದ ತಟ್ಟೆಯನ್ನು ನಮ್ಮ ಕಡೆಗೆ ಸರಿಸಿ, ‘‘ಅದಕ್ಕೆ ಸಂಬಳವನ್ನೂ ಕೊಡುತ್ತಾರೆಯೇ!’’ ಎಂದರು.